ಹಂದಿ ಕಡಿದ ದಿನದ ಫೋಟೋ

ನವೆಂಬರ್ 17, 1964. ಮಂಗಳವಾರ

ಎರಡೂ ಹಂದಿ ಮುಗಿದವು. ಚಳಿಗಾಲಕ್ಕೆ ಇಡುವ ಮಾಂಸಕ್ಕೆ ಉಪ್ಪು ತಿಕ್ಕಿ ತಿಕ್ಕಿ ಕೈ ಉರಿ. ಶುಕ್ಲಪಕ್ಷ ನೋಡಿಯೇ ಕಡಿದೆವು, ಇಲ್ಲದಿದ್ದರೆ ಮಾಂಸ ಬಾಣಲೆಯಲ್ಲಿ ಮುದುಡುತ್ತದೆ. ವರ್ಷದಲ್ಲಿ ಇದೊಂದು ದಿನ ಕಣಿವೆಯವರೆಲ್ಲ ಹೊಟ್ಟೆ ಬಿರಿಯುವಷ್ಟು ತಿನ್ನುತ್ತೇವೆ. ಹಾಕುವುದು ಮಾತ್ರ ಅತಿ ಹರಕು ಬಟ್ಟೆ. ರಕ್ತ, ಮಸಿ, ಜಿಡ್ಡು... ಒಳ್ಳೆಯದು ಹಾಕಿಕೊಳ್ಳಲು ನಮಗೇನು ಹುಚ್ಚೇ?

ಇಂಥ ದಿನವೇ ವಕ್ಕರಿಸಿದ, ನ್ಯೂಯಾರ್ಕಿನ ಫೋಟೋದವನು. ವಿಟ್ಲಾಕ್ ಅಂತೆ. ಕುತ್ತಿಗೆಯಲ್ಲಿ ಎರಡು ಕ್ಯಾಮೆರಾ. ಹಂದಿಗಳನ್ನು ಆಗಷ್ಟೇ ಕಾಲು ಕಟ್ಟಿ ನೇತುಹಾಕಿದ್ದೆವು. ನನ್ನ ಗಂಡ ಲಾಂಜೊ ಅವುಗಳ ಹೊಟ್ಟೆ ಸೀಳಲು ಚಾಕು ಎತ್ತಿದ್ದ.

"ಸ್ವಲ್ಪ ತಡೀರಿ ಸರ್. ಈ ಮಂಜು ಹೋಗ್ಲಿ, ಬೆಳಕು ಬರ್ಲಿ."

ಎರಡು ಗಂಟೆ ಕಾಯಿಸಿದ! ನಾನು ಕಣ್ಣಲ್ಲೇ ಗಂಡನನ್ನು ತಿವಿದೆ. ಕರುಳು ಒಳಗೇ ಇದ್ದರೆ ಬಿಸಿ ಆರುವುದಿಲ್ಲ, ಮೂಳೆ ಹತ್ತಿರ ಕೆಡುತ್ತದೆ. ಅವನಿಗೂ ಗೊತ್ತು.

"ಮನೆಗೆ ಬಂದೋರಿಗೆ ಹೆಂಗೇ ಇಲ್ಲ ಅನ್ನೋದು?" ಎಂದ, ಮೆಲ್ಲಗೆ.

ನಮ್ಮ ಕಣಿವೆಯ ಮರ್ಯಾದೆ! ಊಟಕ್ಕೂ ಕೂರಿಸಿದೆವು. ಮೂರು ಸಲ ಹಾಕಿಸಿಕೊಂಡ.

ಮಗಳು ಡಾರ್ಲಿಸ್‌ದು ಹನ್ನೆರಡು ಫೋಟೋ ತೆಗೆದ. ಅಪ್ಪನ ತೂತುಬಿದ್ದ ಕೋಟು, ಮುಖ ತುಂಬ ಮಸಿ, ಕೆಂಡದಲ್ಲಿ ಸುಟ್ಟ ಹಂದಿಬಾಲ ಕಚ್ಚುತ್ತಿದ್ದಳು. ಬಾಲಕ್ಕಾಗಿ ಚಿಕ್ಕಪ್ಪನ ಮಕ್ಕಳ ಜೊತೆ ಜಗಳವಾಡಿ ಗೆದ್ದಿದ್ದಳು.

ಜನವರಿ 6, 1965

ಉಪ್ಪು ಹಾಕಿಟ್ಟ ಹಂದಿತೊಡೆಗೆ ಲಾಂಜೊ ಮೂಳೆಯವರೆಗೆ ತಂತಿ ಚುಚ್ಚಿ, ಎಳೆದು, ಮೂಸಿದ. ಇನ್ನೊಂದಕ್ಕೆ ಚುಚ್ಚಿದ. ನಾಲ್ಕಕ್ಕೂ. ಭುಜದ ತುಂಡುಗಳಿಗೂ. ಎಲ್ಲದರಲ್ಲೂ ಮೂಳೆ ಹತ್ತಿರ ಕೊಳೆತ ನಾತ. ಗುಂಡಿ ತೋಡಲು ಹೋದ.

ಉಳಿದದ್ದು ಒಂದಿಷ್ಟು ಕೊಬ್ಬು, ಎರಡು ಡಬ್ಬಿ ಸಾಸೇಜು. ಲಾಂಜೊ ದುಡಿಯುತ್ತಿದ್ದ ಗಣಿ ಮುಚ್ಚಿ ಹದಿನಾಲ್ಕು ತಿಂಗಳು.

ಫೆಬ್ರವರಿ 9

ಶಾಲೆಯ ಮೇಡಂ ಪತ್ರಿಕೆ ತಂದರು. ಪೂರ್ತಿ ಪುಟ. ನನ್ನ ಡಾರ್ಲಿಸ್, ಕೋಟು, ಬಾಲ. ಕೆಳಗೆ: "ಸಿಕ್ಕಿದ್ದನ್ನು ಕಚ್ಚಿ ಬದುಕುವ ಮಗು."

ಸುಳ್ಳ! ಬೋಳಿಮಗ! ಅವನ ಬೆನ್ನ ಹಿಂದೆಯೇ ಎರಡು ಹಂದಿ ನೇತಾಡುತ್ತಿದ್ದವು. ಅವು ಫೋಟೋದಲ್ಲಿ ಇಲ್ಲ. ಅವನು ನುಂಗಿದ ಮೂರು ತಟ್ಟೆಯೂ ಇಲ್ಲ.

ಮೇಡಂ ಹೇಳುತ್ತಾರೆ — "ಕೋಪ ಮಾಡ್ಕೋಬೇಡ ವೆರ್ಡಾ. ಇಂಥ ಫೋಟೋ ನೋಡಿದ್ರೇನೇ ಸರ್ಕಾರದೋರ ಮನಸ್ಸು ಕರಗೋದು."

ಕರಗಲಿ. ನನ್ನ ಮಗಳ ಮುಖವೇ ಬೇಕಿತ್ತೇ ಅದಕ್ಕೆ?

ಫೆಬ್ರವರಿ 20

ಫೋಟೋ ನೋಡಿದವರಿಂದ ಎಲ್ಲೆಲ್ಲಿಂದಲೋ ದಾನದ ಪೆಟ್ಟಿಗೆ ಬರುತ್ತಿವೆ. ಇವತ್ತಿನದರಲ್ಲಿ ಈಜುಡುಗೆ, ಒಂಟಿ ಹೈಹೀಲ್ಡು ಚಪ್ಪಲಿ.

ನಾದಿನಿ ಜೆಲ್ಮಾ ಬಾವಿಯ ಹತ್ತಿರ: "ಏನಮ್ಮಾ, ನಿನ್ ಮಗಳು ದೇಶಕ್ಕೆಲ್ಲಾ ಫೇಮಸ್ಸು! ನಮಗೂ ಒಂದು ತುಂಡು ಬಾಲ ಕೊಡೇ."

ಶಾಲೆಯಲ್ಲಿ ಮಕ್ಕಳು ಡಾರ್ಲಿಸ್‌ಳನ್ನು "ಬಾಲ" ಎಂದೇ ಕರೆಯುವುದು. ನಾಲ್ಕು ದಿನದಿಂದ ಹೋಗಿಲ್ಲ. ಹೊಡೆದೆ, ಹೋಗಲಿಲ್ಲ. ಮುದ್ದು ಮಾಡಿದೆ, ಹೋಗಲಿಲ್ಲ.

"ಸುಳ್ಳು ಅಂತ ಪತ್ರಿಕೇಲಿ ಹಾಕ್ಸು, ಹೋಗ್ತೀನಿ" ಎನ್ನುತ್ತಾಳೆ. ಎಂಟು ವರ್ಷದ ಹುಡುಗಿ.

ಆ ವಿಟ್ಲಾಕ್‌ಗೆ ಪತ್ರ ಬರೆದೆ, ಬೈದೇ ಬರೆದೆ. ಬಂದು ನಮ್ಮ ಊಟದ ಮೇಜಿನ ಫೋಟೋ ತೆಗೆದು ಅದೇ ಪುಟದಲ್ಲಿ ಹಾಕು ಎಂದೆ.

ಬರೆದ ದಿನ ಮನೆಯಲ್ಲಿ ಇದ್ದದ್ದು ಜೋಳದ ಹಿಟ್ಟೊಂದೇ. ಆಗ ಸುಳ್ಳಾಗಿದ್ದ ಫೋಟೋ ಈಗ ನಿಜ. ಇದನ್ನು ಇಲ್ಲಿ ಬಿಟ್ಟರೆ ಇನ್ನೆಲ್ಲೂ ಬರೆಯಲಾರೆ.

ಮಾರ್ಚ್ 12

ಫೋಟೋದವನು ನಾಳೆ ಬರುತ್ತಾನಂತೆ! ಜೆಲ್ಮಾಳ ಮುಂದೆ ನಾಚಿಕೆ ಬಿಟ್ಟು ಕೇಳಿದೆ. ಒಂದು ತೊಡೆ ಮಾಂಸ, ಎರಡು ಬಾಟಲಿ ಪೀಚ್, ಹೂವಿನ ತಟ್ಟೆ.

"ಕೊಯ್ಯಬೇಡ ಮತ್ತೆ. ಈಸ್ಟರ್‌ಗೆ ಇಟ್ಟಿರೋದು. ಹಂಗೇ ವಾಪಸ್ ಬರ್ಬೇಕು."

ಮಾರ್ಚ್ 13, ಶನಿವಾರ. ಮಧ್ಯಾಹ್ನ

ಬಂದ. ಮೇಜು ನೋಡಿ ಅವನ ಮುಖವೂ ಅರಳಿತು. ಡಾರ್ಲಿಸ್ ಭಾನುವಾರದ ಫ್ರಾಕಿನಲ್ಲಿ. ಲಾಂಜೊ ಬರಲೊಪ್ಪಲಿಲ್ಲ, ಕೊಟ್ಟಿಗೆಯಲ್ಲಿ ಕೂತ. ನಾನೇ ಎಲ್ಲರನ್ನೂ ನಿಲ್ಲಿಸಿದೆ. ಗಲ್ಲ ಎತ್ತು. ನಗು. ತಟ್ಟೆ ಈ ಕಡೆ ತಿರುಗಿಸು. ಅವನು ಅಂದು ಮಾಡಿದ್ದನ್ನೆಲ್ಲ ನಾನು ಮಾಡಿದೆ.

ಐದಾರು ಫೋಟೋ ಆಯಿತು. ಕ್ಯಾಮೆರಾ ಇಳಿಸಿದ. ಡಾರ್ಲಿಸ್ ಕೇಳಿದಳು, "ಮುಗೀತಾ? ಈಗ ತಿನ್ಬಹುದಾ ಅಮ್ಮಾ?" ಕೇಳುತ್ತಲೇ ಮಾಂಸಕ್ಕೆ ಕೈ ಹಾಕಿದಳು.

ಕೈ ಮೇಲೆ ಬಾರಿಸಿದೆ. "ಮುಟ್ಬೇಡ! ಅತ್ತೆ ಮನೇದು ಅದು!"

ಕ್ಲಿಕ್ಕೆಂದಿತು.

"ಅದನ್ನ ತೆಗೆದು ಒಲೆಗೆ ಹಾಕು" ಎಂದೆ.

"ಹಾಕ್ತೀನಿ, ನೀವು ಹೇಳಿದ್ರೆ. ಆದ್ರೆ ನಾನು ಈ ಮನೇಲಿ ತೆಗೆದಿರೋದ್ರಲ್ಲಿ ಸುಳ್ಳಲ್ಲದ್ದು ಅದೊಂದೇ."

"ಅದು ಯಾರಿಂದ ನಿಜ ಆಯ್ತು, ಗೊತ್ತಾ ನಿನಗೆ?"

ಹಂದಿಗಳ ಕಥೆ ಹೇಳಿದೆ. ತಂತಿ, ಗುಂಡಿ, ಎಲ್ಲ. ಬಿಳಿಚಿಕೊಂಡ. ಕ್ಷಮೆ ಅಂತೇನೋ ತೊದಲಿದ. ಬೇಕಿಲ್ಲ ನನಗೆ. ಅವನು ಹೇಳಿದ್ದು ಸರಿಯಿತ್ತು, ಅದಕ್ಕೇ ಇನ್ನಷ್ಟು ಅಸಹ್ಯವಾಯಿತು.

ಈಗ ಕಾರಿನ ಹತ್ತಿರ ಕಾಯುತ್ತಿದ್ದಾನೆ. ಮೇಜಿನ ಫೋಟೋ ಹಾಕಲೋ, ಏಟಿನದೋ, ನೀವೇ ಹೇಳಿ ಎಂದಿದ್ದಾನೆ. ಮಾಂಸ ವಾಪಸ್ ಕೊಟ್ಟು ಬರಲು ಡಾರ್ಲಿಸ್ ಹೋಗಿದ್ದಾಳೆ, ಎರಡೂ ಕೈಯಲ್ಲಿ ಹೊತ್ತುಕೊಂಡು.

ಅವಳನ್ನೇ ಕೇಳಿದ್ದೆ. "ನಿಜದ್ದು ಹಾಕ್ಸು. ಆದ್ರೆ ಕೆಳಗೆ ನೀನೇ ಬರಿ" ಎಂದಳು.

ಏಟಿನದೇ ಹಾಕಲಿ. ಕೆಳಗಿನ ಬರಹ ನನ್ನದು. ಒಂದಕ್ಷರ ತಿದ್ದಕೂಡದು. ಇಲ್ಲಿ ಬರೆದುಕೊಂಡು, ಹಾಳೆ ಹರಿದು ಕೊಡುತ್ತೇನೆ:

"ಈಕೆಯ ಹೆಸರು ಡಾರ್ಲಿಸ್. ಹೊಡೆದವಳು ತಾಯಿ. ಮೇಜಿನ ಮೇಲಿನ ಮಾಂಸ ಕೇಳಿ ತಂದದ್ದು. ಏಕೆಂದರೆ ಹೋದ ನವೆಂಬರಿನಲ್ಲಿ ಈ ಫೋಟೋ ತೆಗೆದವನು ಬೆಳಕಿಗೆಂದು ಎರಡು ಗಂಟೆ ಕಾಯಿಸಿ ನಮ್ಮ ಎರಡೂ ಹಂದಿ ಕೆಡಿಸಿದ."