ಕಣ್ಣಿನ ಗುಳಿಗೆಯ ಡಬ್ಬಿಯ ಮೇಲೊಂದು ಇರುವೆ ಸಾಲು

ಗುಳಿಗೆ ಡಬ್ಬಿಗಳ ಲೇಬಲ್ ಪರಿಶೀಲಿಸುವ ಅಧಿಕಾರಿಗಳೇ,

ತಾವು ಕನ್ನಡಕ ಹಾಕಿಕೊಳ್ಳುತ್ತೀರಾ? ಉದ್ಧಟತನದಿಂದ ಕೇಳುತ್ತಿಲ್ಲ. ನಮ್ಮ ಮನೆಯಲ್ಲಿರುವ ಕಣ್ಣಿನ ಗುಳಿಗೆಯ ಡಬ್ಬಿಯೊಂದರ ಮೇಲೆ ‘ಪೆಟ್ಟು ಬಿದ್ದ ರೆಟಿನಾಗೆ ಆಂಟಿಆಕ್ಸಿಡೆಂಟ್ ರಕ್ಷಣೆ’ ಎಂದು ದಪ್ಪ ಅಕ್ಷರಗಳಿವೆ. ‘ಪೆಟ್ಟಾದರೆ ಕೂಡಲೇ ಕಣ್ಣಿನ ವೈದ್ಯರನ್ನು ಕಾಣಿ’ ಎಂಬ ಮಾತೂ ಇದೆ; ತಳದಲ್ಲಿ, ಇರುವೆ ಸಾಲಿನಂತೆ. ಕಣ್ಣಿಗೆ ಏಟು ತಿಂದವರಿಗಾಗಿ ಬರೆದ ಎಚ್ಚರಿಕೆಯನ್ನು ಓದಲು ಹದ್ದಿನ ಕಣ್ಣು ಬೇಕು ಎಂಬುದು ಯಾರ ಯೋಚನೆ?

ನನ್ನ ಗಂಡ ಪ್ರವೀಣ್ ಚೆನ್ನೈನ ಟಿ. ನಗರದಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ಈಚೆಗೆ ಬೆಸೆಂಟ್ ನಗರದಲ್ಲಿ ಬೆಳಗಿನ ಬ್ಯಾಡ್ಮಿಂಟನ್ ಆಡುವಾಗ ಶಟಲ್ ಅವರ ಬಲಗಣ್ಣಿಗೆ ಬಡಿಯಿತು. ರಕ್ತವಿಲ್ಲ, ಗಾಯವಿಲ್ಲ. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕೆಗಳು ಕಾಣುತ್ತಿವೆ ಎಂದರು. ಆಸ್ಪತ್ರೆಗೆ ಹೋಗೋಣ ಎಂದೆ. ಅಷ್ಟರಲ್ಲಿ ಆಟದ ಗೆಳೆಯರೊಬ್ಬರು ಈ ಡಬ್ಬಿ ತಂದುಕೊಟ್ಟಿದ್ದರು.

“ಎಂತ ಆಗುದಿಲ್ಲ ಮಾರಾಯ್ತಿ. ಪೆಟ್ಟು ಬಿದ್ದ ಕಣ್ಣಿಗೇ ಅಂತ ಬರ್ದಿದೆಯಲ್ಲ, ಸುಳ್ಳು ಬರೆದ್ರೆ ಸರ್ಕಾರದವರು ಸುಮ್ಮನೆ ಬಿಡ್ತಾರಾ?” ಎಂದು ಪ್ರವೀಣ್ ಗುಳಿಗೆ ನುಂಗಿ ಗಲ್ಲಾದಲ್ಲಿ ಕೂತರು. ತಮ್ಮ ಮೇಲೆ ಇಷ್ಟು ಭರವಸೆಯಿಟ್ಟ ಪ್ರಜೆ ಇನ್ನೊಬ್ಬರು ಸಿಕ್ಕಾರೇ?

ನಾನು ಪೀಡಿಸಿದಾಗಲೆಲ್ಲ ಎಡಗಣ್ಣು ಮುಚ್ಚಿಕೊಂಡು, ಎದುರಿನ ತಿಂಡಿ ಬೋರ್ಡನ್ನು ಬಲಗಣ್ಣಿನಲ್ಲೇ ಮೇಲಿಂದ ಕೆಳಗೆ ಓದಿ ತೋರಿಸುತ್ತಿದ್ದರು. ನನಗೂ ಸಮಾಧಾನವಾಗುತ್ತಿತ್ತು. ಕೆಲವು ದಿನ ಹೀಗೇ ನಡೆಯಿತು. ಒಂದು ಸಂಜೆ ಮಗಳು ತೃಷಾ ಅಲ್ಲಿದ್ದಳು. ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲಿ ಉತ್ತರಿಸುವವಳು. ಪ್ರವೀಣ್ ಕೊನೆಯ ಸಾಲನ್ನು “ರವೆ ದೋಸೆ” ಎಂದು ಓದಿ ಮುಗಿಸಿದರು.

“ಅಪ್ಪಾ, ಇನ್ನಿಕ್ಕಿ ರವಾ ದೋಸೈ ಇಲ್ಲೆ” ಎಂದಳು.

ನಿಜ, ಅಂದು ರವೆ ದೋಸೆ ಇರಲಿಲ್ಲ. ಅಡುಗೆಯವರು ಆ ಸಾಲನ್ನು ಬೆಳಿಗ್ಗೆಯೇ ಒರೆಸಿ ಅಡೈ ಎಂದು ಬರೆದಿದ್ದರು. ವರ್ಷಗಟ್ಟಲೆ ಎದುರಿಗಿದ್ದ ಬೋರ್ಡನ್ನು ನನ್ನ ಗಂಡ ಬಾಯಿಪಾಠದಿಂದ ಓದುತ್ತಿದ್ದರು. ಬೇಕೆಂದಲ್ಲ, ಕಾಣುತ್ತಿದೆಯೆಂದೇ ನಂಬಿದ್ದರು.

“ಕೆಳಗೆ ಪರದೆ ಎಳೆದ ಹಾಗೆ ಉಂಟು” ಎಂದು ಆಗ ಮೆಲ್ಲಗೆ ಹೇಳಿದರು.

ರೆಟಿನಾ ಹರಿದು, ಗೋಡೆಯ ಸುಣ್ಣದ ಹಕ್ಕಳೆಯಂತೆ ಕಳಚತೊಡಗಿತ್ತು. ಶಸ್ತ್ರಚಿಕಿತ್ಸೆಯಾಯಿತು. ದೃಷ್ಟಿ ಬಹುಪಾಲು ಮರಳಿದೆ. ಕೆಳಗಿನ ನೆರಳು ಪೂರ್ತಿ ಹೋದೀತೆಂದು ಯಾರೂ ಮಾತು ಕೊಡುತ್ತಿಲ್ಲ. ಚುಕ್ಕೆ ಕಂಡ ದಿನವೇ ಬಂದಿದ್ದರೆ ಬಹುಶಃ ಲೇಸರ್‌ನಲ್ಲೇ ಮುಗಿಯುತ್ತಿತ್ತು ಎಂದರು ಡಾಕ್ಟರು. ಪೆಟ್ಟಿನ ನಂತರ ರೆಟಿನಾದ ಜೀವಕೋಶಗಳು ಸಾಯುವುದನ್ನು ಆಂಟಿಆಕ್ಸಿಡೆಂಟ್ ತಗ್ಗಿಸಬಲ್ಲದೇ ಎಂಬ ಸಂಶೋಧನೆ ನಡೆದಿದೆ, ಪ್ರಯೋಗಾಲಯದಲ್ಲಿ ಆಸೆ ಹುಟ್ಟಿಸಿದೆ ಎಂದೂ ಹೇಳಿದರು. ಆದರೆ ಹರಿದದ್ದನ್ನು ಗುಳಿಗೆ ಅಂಟಿಸುವುದಿಲ್ಲವಂತೆ.

ಹಾಗಾಗಿ ಗುಳಿಗೆ ನಿಷೇಧಿಸಿ ಎನ್ನಲಾರೆ. ಆ ಸಂಶೋಧನೆ ಗೆದ್ದರೆ ಮೊದಲು ಕೊಳ್ಳುವವಳು ನಾನೇ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನಗೂ ಆಂಟಿಆಕ್ಸಿಡೆಂಟ್ ಎಂದರೆ ಏನೋ ಒಳ್ಳೆಯದು ಎಂಬುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಎಲ್ಲ ತಪ್ಪನ್ನೂ ತಮ್ಮ ಮೇಜಿನ ಮೇಲಿಡುವುದು ನ್ಯಾಯವೇ ಎಂದು ಕೇಳಿಕೊಂಡೆ. ಅರ್ಧ ನಮ್ಮದು. ಉಳಿದರ್ಧವನ್ನು ಇದರೊಂದಿಗೆ ಕಳಿಸುತ್ತಿದ್ದೇನೆ, ದಯವಿಟ್ಟು ಸ್ವೀಕರಿಸಿ.

ಬೇಡಿಕೆ ಇಷ್ಟೇ: ಆ ಇರುವೆ ಸಾಲನ್ನು ‘ರಕ್ಷಣೆ’ಯಷ್ಟೇ ದೊಡ್ಡದಾಗಿ, ಡಬ್ಬಿಯ ಮುಂಭಾಗದಲ್ಲಿ, ತಮಿಳಿನಲ್ಲೂ ಹಾಕಿಸಿ. ಅಚ್ಚಿಗೆ ಮುನ್ನ ಮಾದರಿಯೊಂದನ್ನು ನಮ್ಮ ಹೋಟೆಲಿಗೆ ಕಳಿಸಿ. ಪ್ರವೀಣ್ ಬಲಗಣ್ಣಿನಲ್ಲಿ ಓದಿ ಹೇಳುತ್ತಾರೆ. ಅದು ಅವರಿಗೆ ಬಾಯಿಪಾಠವಿಲ್ಲ.

ಇಂತಿ,
ಗಂಡನಿಗೆ ಹೇಳದೆ ದಿನಾ ಬೋರ್ಡಿನ ಒಂದು ಸಾಲು ಬದಲಿಸುವ
ಸುಗುಣಾ