ಅಕ್ಕನ ಎದಿಮಟ ನೀರು

ಮಾಸೂರು, ಹಿರೇಕೆರೂರ ತಾಲೂಕು
೨೪ ಜುಲೈ ೨೦೨೫, ಗುರುವಾರ

ಟಿ.ವಿ.ಯೊಳಗ ದಿನಾ ಮಳಿ ಸುದ್ದಿ ಹೇಳುವ ಅಕ್ಕ ರಾಜಶ್ರೀಗೆ ತಮ್ಮ ಹಾಲೇಶನ ಉದ್ದಂಡ ನಮಸ್ಕಾರ.

ಅಕ್ಕಾ, ಆರಾಮ ಅದಿಯಿಲ್ಲೋ? ನೆಗಡಿ ಗಿಗಡಿ ಆಗಿಲ್ಲಲಾ? ಕೇಳಾಕ ಕಾರಣ ಐತಿ. ಮೊನ್ನೆ ಮಂಗಳವಾರ ಮುಂಜಾನೆ ನಿಮ್ಮ ಚಾನಲ್‌ನವರು ನಿನ್ನ ಎದಿಮಟ ನೀರಾಗ ನಿಲ್ಲಿಸಿದ್ದನ್ನ ನಮ್ಮ ಪಡಸಾಲಿ ಉಗ್ರವಾಗಿ ಖಂಡಿಸಿ ಠರಾವು ಮಾಡೇತಿ. ಕಂಪ್ಯೂಟರ್‌ನಾಗ ಹುಟ್ಟಿಸಿದ ನೀರು ಅಂತ ನನಗ ಗೊತ್ತು. ಆದ್ರ ಅಷ್ಟು ನೀರು ಹುಟ್ಟಿಸಿದವರಿಗೆ ಒಂದು ಛತ್ರಿ ಹುಟ್ಟಿಸಾಕ ಏನಾಗಿತ್ತು? ನಿನ್ನ ಸುತ್ತ ಹಾನಗಲ್ಲ, ಶಿಗ್ಗಾಂವಿ, ಸವಣೂರು ಎಮ್ಮಿಹಂಗ ತೇಲಾಕತ್ತಿದ್ವು, ಹಿರೇಕೆರೂರಿನ ಹೆಸರ ಇಲ್ಲ. ಮುಳುಗಾಕೂ ನಾವು ಲಾಯಕ್ಕಿಲ್ಲೇನು? ಅವತ್ತು ನಮ್ಮ ಗೋವಿನಜೋಳದ ಹೊಲಕ್ಕ ಬಿದ್ದದ್ದು ಬರೇ ಜಿಟಿಜಿಟಿ.

ಅಜ್ಜಿ ಉಡಚವ್ವನ ಅವತಾರ ನೀ ನೋಡಬೇಕಿತ್ತು. ಸೀರಿ ಎತ್ತಿ ಹಿಡಿಯವ್ವಾ ಅಂತ ಟಿ.ವಿ. ಮುಂದ ನಿಂತು ಒದರಿದ್ಲು. ನೀ ನಕ್ಕೊಂತ ಮೋಡ ತೋರಿಸಿದಿ. ಅದಕ್ಕ ಅಕಿಗೆ ಮತ್ತಷ್ಟು ಸಿಟ್ಟು ಬಂತು. “ಮುಳುಗೋ ಹುಡುಗಿ ತಾನಾಗಿ ನಗತೈತೇನು? ನಗು ಅಂತ ಯಾರೋ ಹೆದರಿಸ್ಯಾರ” ಅಂದ್ಲು. ನಿನ್ನೆ ಎರಡು ಬಸ್ಸು ಬದಲಿಸಿ ಹುಲಗೂರ ದರ್ಗಾಕ್ಕ ಹೋಗಿ ಸಕ್ರಿ ಓದಿಸಿಕೊಂಡು ಬಂದಾಳ. ಅಲ್ಲಿ ರಾಜೇಸಾಬ ಮುಲ್ಲಾರು ಏನ್ ತ್ರಾಸು ಬೇ ಅಂತ ಕೇಳಿದ್ರ, ಮೊಮ್ಮಗಳ ಮಳಿ ನೌಕರಿ ಬಿಡಿಸಬೇಕ್ರಿ ಅಂದ್ಲಂತ. ಪಾಪ, ಇಂಥಾ ರೋಗ ಅವರೂ ಕೇಳಿರಲಿಲ್ಲ.

ಆದ್ರ ನನ್ನ ಖರೇ ಸಿಟ್ಟು ಅಪ್ಪನ ಮ್ಯಾಲ. ಅದು ಸುಳ್ಳ ನೀರು ಅಂತ ಅವಂಗ ಚಲೋತ್ನ್ಯಾಗ ಗೊತ್ತೈತಿ. ಅಜ್ಜಿ ಮುಂದ ಬಾಯಿ ಬಿಡವಲ್ಲ. ನೀ ಟಿ.ವಿ.ಗೆ ಹೋದಾಗಿಂದ ನಿನ್ನ ನೌಕರಿ ಬಿಡಿಸಾಕ ಇಂಥಾದೊಂದು ನೆವಾ ಹುಡುಕಾಕತ್ತಿದ್ದ, ಸಿಕ್ತು. ನಮ್ಮವ್ವ ಹೇಳಿದಮ್ಯಾಲ ನಾ ಏನ್ ಮಾಡ್ಲಿ ಅಂತ ಊರಮಂದಿ ಮುಂದ ಮಾರಿ ಸಣ್ಣದು ಮಾಡಿಕೊಂಡು ಅಡ್ಡಾಡತಾನ. ಇದು ಘೋರ ಅನ್ಯಾಯ ಅಂತ ಪಡಸಾಲಿಯ ಎರಡನೇ ಠರಾವು.

ನಿನ್ನ ಮೋಡ, ಗುಡುಗು, ಸಿಡಿಲಿಗೆಲ್ಲಾ ನನ್ನ ನೆನಪು ಹೇಳು.

ಎರಡೂ ಠರಾವಿಗೆ ಒಬ್ಬನ ಸಹಿದಾರ,
ಹಾಲೇಶ

ತಾ.ಕ.: ಅವಸರದಾಗ ಬರಿಯಾಕತ್ತೇನಿ. ಅಪ್ಪ, ಅಜ್ಜಿ ನಾಳೆ ಬಸ್ಸಿಗೆ ಹೊಂಟಾರ, ನಿನ್ನ ಕರಕೊಂಡು ಬರಾಕ. ಫೋನು ಅಪ್ಪನ ಕೈಯಾಗ ಐತಿ, ಅದಕ್ಕ ಇದನ್ನ ಅಜ್ಜಿ ಚೀಲದಾಗ, ನಿನಗಂತ ಒಯ್ಯೋ ಶೇಂಗಾ ಚಟ್ನಿ ಡಬ್ಬಿ ಕೆಳಗ ಇಟ್ಟೇನಿ. ಆ ನೀರು ಖರೇ ಅಂತ ಅಜ್ಜಿಗೆ ಹೇಳಿದಾವ ನಾನ ಅಕ್ಕಾ. ಚ್ಯಾಷ್ಟಿ ಮಾಡಿದ್ದೆ. ಈಗ ಸುಳ್ಳು ಅಂದ್ರ ಅಕಿ ನಂಬವಲ್ಲಳು, ನನ್ನ ಮಾತು ಯಾರು ನಂಬತಾರ? ಅಕಿನ್ನ ಸ್ಟುಡಿಯೋಕ್ಕ ಕರಕೊಂಡು ಹೋಗಿ ನೀ ನಿಲ್ಲೋ ಜಾಗದಾಗ ಬರಿಗಾಲಿಲೆ ನಿಲ್ಲಿಸು. ಅಪ್ಪನ ಅಂಗಿ ಕಿಸೆದಾಗ ನಿನ್ನ ಹೆಸರಿಲೆ ಬರೆಸಿದ ರಾಜೀನಾಮೆ ಐತಿ. ಅಜ್ಜಿ ಅತ್ತರೂ ಅದಕ್ಕ ಸಹಿ ಮಾಡಬ್ಯಾಡ.