ಪರದೆಯ ಕಿಟಕಿ ನನ್ನದು

ಬುಧವಾರ, ಮಧ್ಯಾಹ್ನ

ನನ್ನ ಹಟಮಾರಿ ಮಗಳಿಗೆ ಅಮ್ಮನ ಆಶೀರ್ವಾದ.

ಇವತ್ತು ನನಗೆ ಉಪವಾಸ. ದೇವರಿಗೆ ದೀಪ ಹಚ್ಚಿ, ನೀರು ಹಿಡಿದಿಟ್ಟು, ಮೆಟ್ಟಿಲು ತೊಳೆದು ಈಗ ಕೂತಿದ್ದೇನೆ. ಹೊಟ್ಟೆ ಖಾಲಿ, ಎದೆ ಮಾತ್ರ ತುಂಬಿದೆ.

“ಕಮ್ಮಿ ಬಾಡಿಗೆಯವರು ಅಂತ ಜನ ಬೆರಳು ತೋರಿಸೋ ಕಡೆ ನಾನು ಬರಲ್ಲ” ಅಂದಿದ್ದೆಯಲ್ಲ, ಆ ಬೆರಳಿನ ಕಥೆಯನ್ನೇ ಕೇಳು.

ನಮ್ಮ ಕಟ್ಟಡದಲ್ಲಿ ಪೂರ್ತಿ ಬಾಡಿಗೆಯವರೂ, ಸಂಪಾದನೆ ನೋಡಿ ಸರ್ಕಾರ ಬಾಡಿಗೆ ಇಳಿಸಿಕೊಟ್ಟ ನನ್ನಂಥ ಕಮ್ಮಿ ಬಾಡಿಗೆಯವರೂ ಅಕ್ಕಪಕ್ಕ. ಬಾಗಿಲೆಲ್ಲ ಒಂದೇ ಥರ. “ಇಂಥವರು ಬಂದ್ರೆ ನಮ್ಮ ಮನೆಗಳ ರೇಟು ಬಿದ್ದೋಗುತ್ತೆ” ಎಂದು ಎದುರುಮನೆಯ ಟೀಚರಮ್ಮನಿಗೆ ಮೊದಲಿಂದಲೂ ತಕರಾರು. ಪಕ್ಕದಲ್ಲೇ ಏಳಲಿರುವ, ನಿನಗೂ ಮನೆ ಸಿಗಬಹುದಾದ ಎರಡನೇ ಕಟ್ಟಡ ಬೇಡವೆಂದು ತಕರಾರು ಬರೆದು ಬೀದಿಯವರ ಸಹಿ ಹಾಕಿಸಿದವರೂ ಅವರೇ. ಈಗ ತಮ್ಮ ಮನೆಯನ್ನು ಮಾರಲು ಹೊರಟಿದ್ದರು.

ಸೋಮವಾರ ಬ್ರೋಕರೊಬ್ಬ ಆ ಮನೆ ತೋರಿಸಲು ಗಂಡಹೆಂಡತಿಯನ್ನು ಕರೆತಂದ. ನಾನು ಪೊರಕೆ ಹಿಡಿದು ನಮ್ಮ ಮುಂಬಾಗಿಲಲ್ಲೇ ನಿಂತಿದ್ದೆ. ಅವನು ನಮ್ಮ ಕಟ್ಟಡದತ್ತ ಬೆರಳು ಮಾಡಿ, “ಆ ಕಾಲುಚೀಲ ನೇತಾಡ್ತಿದೆಯಲ್ಲ, ಅದು ಕಮ್ಮಿ ಬಾಡಿಗೆಯವರದು. ಆದ್ರೆ ಕೆಳಗಡೆ ಬಿಳಿ ಪರದೆ ನೋಡಿ, ಅಂಥ ಒಳ್ಳೆ ಜನಾನೂ ಇದಾರೆ” ಎಂದ.

ನನಗೆ ನಗು ತಡೆಯಲಾಗಲಿಲ್ಲ. “ಸ್ವಾಮಿ, ಕಾಲುಚೀಲ ಪೂರ್ತಿ ಬಾಡಿಗೆ ಕೊಡೋ ಹಲ್ಲಿನ ಡಾಕ್ಟರದು. ಪರದೆ ನಂದು, ಕಮ್ಮಿ ಬಾಡಿಗೇನೂ ನಂದೇ” ಅಂದುಬಿಟ್ಟೆ.

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ವ್ಯಾಪಾರ ಮುರಿದರೆ ಟೀಚರಮ್ಮನ ತಕರಾರು ಗೆಲ್ಲುತ್ತದೆ. ನಿನಗೆ ಸಿಗಬೇಕಾದ ಮನೆಗೆ ನಾನೇ ಕಲ್ಲು ಹಾಕಿದಂತಾಗುತ್ತದೆ! ಆದರೆ ಆ ಹೆಂಗಸು ಹತ್ತಿರ ಬಂದು, “ಪರದೆಗೆ ಗಂಜಿ ಹಾಕ್ತೀರೇನ್ರೀ?” ಎಂದು ಕೇಳಿದಳು. ಇಪ್ಪತ್ತು ವರ್ಷ ಆಸ್ಪತ್ರೆಯ ಹಾಸಿಗೆಬಟ್ಟೆ ಇಸ್ತ್ರಿ ಮಾಡಿದ ಕೈ ಇದು ಎಂದೆ.

ನಿನ್ನೆ ಮನೆ ಅವರಿಗೇ ಆಯಿತು. ನಮ್ಮ ಕಟ್ಟಡ ಏಳುವ ಮೊದಲು ಆ ಮನೆಗೆ ಬರುತ್ತಿದ್ದುದಕ್ಕಿಂತ ಹೆಚ್ಚಿನ ಬೆಲೆಗೆ! ನಾವು ಬಂದಮೇಲೆ ತಾನೇ ಈ ಬೀದಿಗೆ ಬಸ್ಸು ಬಂದದ್ದು, ದೀಪ ಉರಿದದ್ದು? ಸಂಜೆ ಟೀಚರಮ್ಮ ನಮ್ಮ ಬಾಗಿಲಿಗೇ ಬಂದು, “ಸುಮ್ನೆ ಹೆದರಿದ್ದೆ ಕಣ್ರೀ, ಆ ಸಹಿ ಹಾಕಿಸಿದ ತಕರಾರು ವಾಪಸ್ ತಗೊಂಡೆ” ಎಂದರು. ದೇವರು ದೊಡ್ಡವನು.

ಎರಡನೇ ಕಟ್ಟಡದ ಮನೆಗೆ ನೀನು ತುಂಬಬೇಕಾದ ಅರ್ಜಿ ಇದರ ಜೊತೆಗಿದೆ. ಶುಕ್ರವಾರ ಕಡೇ ದಿನ.

ಇಂತಿ,
ನಿನ್ನ ಅಮ್ಮ

ತಾ.ಕ.: ಒಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೆ. ಮೊದಲ ವರ್ಷವೆಲ್ಲ, ಟೀಚರಮ್ಮನ ಕಣ್ಣಿಗೆ ಬೀಳಬಾರದೆಂದು ನಾನೂ ಹಿತ್ತಲ ಬಾಗಿಲಲ್ಲೇ ಓಡಾಡಿದೆ. ನಿನ್ನ ನಾಚಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು ಕಣೇ. ನಮ್ಮ ಬೀದಿಯ ಬಸ್ಸಿನ ಕಂಡಕ್ಟರಣ್ಣ ನಾಳೆ ಸಂಜೆ ಈ ಕಾಗದ ಹಿಡಿದು ನಿನ್ನ ಮನೆಗೆ ಬರುತ್ತಾನೆ. “ಅವಳ ಉತ್ತರ ಇಸಕೊಳ್ಳದೆ ಹಿಂದೆ ಬರಬೇಡಪ್ಪ” ಎಂದು ಅವನನ್ನು ಬೇಡಿಕೊಂಡಿದ್ದೇನೆ.